ನಡುಗಡಲ ಮೀನಿನ ಲೆಕ್ಕ ಯಾರ ಹತ್ತಿರ?

ಪ್ರಶ್ನೆ: ನಾನು ವಿರಾಜಪೇಟೆಯಲ್ಲಿ ಡಿಗ್ರಿ ಓದುತ್ತಿದ್ದೇನೆ. ನಡುಗಡಲಿನಲ್ಲಿ ಲೆಕ್ಕಕ್ಕೆ ಬಾರದ ಮೀನುಗಾರಿಕೆ ಬಗ್ಗೆ ಪ್ರಾಜೆಕ್ಟ್ ಮಾಡಬೇಕು ಅಂತ ಆಸೆ. ಕೊಡಗಿನಲ್ಲಿ ಕೂತು ಇದು ಆಗುತ್ತಾ ಸರ್? ಹಡಗು ಟ್ರ್ಯಾಕಿಂಗ್ ಆಫ್ ಮಾಡಿದ್ದರೆ ಕಳ್ಳ ಮೀನುಗಾರಿಕೆ ಅಂತ ಬರೆಯಬಹುದಾ?

ಉತ್ತರ: ಖಂಡಿತ ಆಗುತ್ತೆ. ದಡದಿಂದ 200 ನಾಟಿಕಲ್ ಮೈಲಿ ಆಚೆ ನಡೆಯೋದು ಮಂಗಳೂರಿನ ದಕ್ಕೆಯಲ್ಲಿ ನಿಂತವರಿಗೂ ಕಾಣಲ್ಲ, ಅಲ್ವಾ?

ಆ ಕಡಲು ಯಾವ ದೇಶದ್ದೂ ಅಲ್ಲ. ಅಲ್ಲಿ ಹಡಗಿನ ಮೇಲೆ ಅಧಿಕಾರ ಇರೋದು ಅದು ಯಾರ ಬಾವುಟ ಹಾಕಿಕೊಂಡಿದೆಯೋ ಆ ದೇಶಕ್ಕೆ. ಹಿಡಿದಿದ್ದೆಷ್ಟು ಅಂತ ಕ್ಯಾಪ್ಟನ್ ಲಾಗ್‌ಬುಕ್‌ನಲ್ಲಿ ಬರೆಯುತ್ತಾರೆ, ಆ ದೇಶ ಅದನ್ನೆಲ್ಲ ಕೂಡಿಸಿ ಮುಂದಕ್ಕೆ ಕಳಿಸುತ್ತದೆ. ಹಿಂದೂ ಮಹಾಸಾಗರದ ಟ್ಯೂನಾ ಆದರೆ ಸೀಶೆಲ್ಸ್‌ನಲ್ಲಿರುವ ಟ್ಯೂನಾ ಆಯೋಗಕ್ಕೆ, ಭಾರತವೂ ಅದರ ಸದಸ್ಯ. ತೋಟದಲ್ಲಿ ಕಾಫಿ ಕುಯ್ದವರೇ ತೂಕ ಬರೆದುಕೊಂಡು, ಸಂಜೆ ರೈಟರ್ ತಕ್ಕಡಿ ಹತ್ತಿರ ಬರದೇ ಹೋದ ಹಾಗೆ ಇದು. ಹಡಗಿನಲ್ಲೇ ಇದ್ದು ಹಿಡಿದದ್ದನ್ನು ನೋಡಿ ಬರೆಯುವ ವೀಕ್ಷಕರು ಇರಬೇಕು ಅಂತ ಆಯೋಗದ ನಿಯಮ ಇದೆ, ಆದರೆ ದೊಡ್ಡ ಹಡಗುಗಳಲ್ಲೂ ಅದು ಕೇಳೋದು ಬಲೆ, ಗಾಳ ಹಾಕುವ ಸರದಿಗಳಲ್ಲಿ ಕನಿಷ್ಠ ಶೇ. 5ಕ್ಕೆ ಮಾತ್ರ. ನನಗೆ ಇದು ತೀರಾ ಕಮ್ಮಿ ಅನ್ನಿಸುತ್ತೆ.

ಈಗ ಟ್ರ್ಯಾಕಿಂಗ್ ವಿಷಯ. ದಯವಿಟ್ಟು ಹಾಗೆ ಬರೆಯಬೇಡಿ. ಹಡಗು ತಾನೆಲ್ಲಿದ್ದೇನೆ ಅಂತ ರೇಡಿಯೊದಲ್ಲಿ ಸಾರುವ ಈ ಟ್ರ್ಯಾಕಿಂಗ್ ವ್ಯವಸ್ಥೆ, ಎಐಎಸ್, ಹುಟ್ಟಿದ್ದೇ ಹಡಗಿಗೆ ಹಡಗು ಡಿಕ್ಕಿ ಹೊಡೆಯದಿರಲಿ ಅಂತ. ಹಡಗುಗಳು ಜಾಸ್ತಿ ಇರುವ ಕಡೆ ಸಿಗ್ನಲ್‌ಗಳು ಒಂದರ ಮೇಲೊಂದು ಬಿದ್ದು ಉಪಗ್ರಹಕ್ಕೆ ಸಿಗದೇ ಹೋಗುತ್ತವೆ. ಸೊಮಾಲಿಯಾ ಕಡೆ ಕಡಲ್ಗಳ್ಳರ ಭಯಕ್ಕೂ ಆಫ್ ಮಾಡುತ್ತಾರೆ. ಅನುಮಾನ ಪಡಲು ಒಳ್ಳೆಯ ಜಾಗ ಬೇರೆ ಇದೆ: ಮೀನು ಹಡಗು, ಅದರ ಪಕ್ಕ ಮಂಜುಗಡ್ಡೆ ಕೋಣೆಯ ಸಾಗಣೆ ಹಡಗು, ಎರಡೂ 500 ಮೀಟರ್ ಒಳಗೆ, 2 ನಾಟ್‌ಗಿಂತ ನಿಧಾನ, 2 ಗಂಟೆಗೂ ಜಾಸ್ತಿ. ಗ್ಲೋಬಲ್ ಫಿಶಿಂಗ್ ವಾಚ್ ಅನ್ನೋ ಸಂಸ್ಥೆಯ ವೆಬ್‌ಸೈಟ್ ಇಂಥದ್ದನ್ನು 'ಭೇಟಿ' ಅಂತ ಗುರುತು ಮಾಡಿ ಎಲ್ಲರಿಗೂ ಬಿಟ್ಟಿ ತೋರಿಸುತ್ತದೆ. ಮೀನು ಅಲ್ಲೇ ಕೈ ಬದಲಾಯಿಸಿರಬಹುದು. ಅನುಮತಿ ಇದ್ದೂ ಇರಬಹುದು, ಅದನ್ನು ಆಯೋಗದ ಹಡಗು ಪಟ್ಟಿಯಲ್ಲಿ ಹುಡುಕಿ ನೋಡಿ.

ಸರ್ಕಾರಗಳ ಹತ್ತಿರ ಇದಕ್ಕಿಂತ ಗಟ್ಟಿ ಮಾಹಿತಿ ಇದೆ, ವಿಎಂಎಸ್ ಅಂತ: ಮೀನು ಹಡಗು ಎಲ್ಲಿದೆ ಅಂತ ಉಪಗ್ರಹದ ಮೂಲಕ ನೇರ ಸರ್ಕಾರಕ್ಕೆ ತಿಳಿಸುವ ವ್ಯವಸ್ಥೆ. ಬಹುತೇಕ ಎಲ್ಲರೂ ಬೀಗ ಹಾಕಿ ಇಟ್ಟಿದ್ದಾರೆ. ಇಂಡೋನೇಷ್ಯಾ 2017ರಲ್ಲಿ ತನ್ನದನ್ನು ಬಹಿರಂಗ ಮಾಡಿತು. ಬೇರೆಯವರು ಯಾಕೆ ಮಾಡಬಾರದು? ವ್ಯಾಪಾರದ ಗುಟ್ಟು ಅಂತಾರೆ, ಆದರೆ ಮೀನು ಯಾರೊಬ್ಬರ ಸ್ವತ್ತೂ ಅಲ್ಲವಲ್ಲ.

ನೀವು ಹೀಗೆ ಶುರು ಮಾಡಿ. ಒಂದು ದೇಶ, ಲಾಂಗ್‌ಲೈನ್ ಗಾಳ (ಉದ್ದದ ಹಗ್ಗಕ್ಕೆ ಸಾಲಾಗಿ ಕಟ್ಟಿದ ಗಾಳಗಳು), ಒಂದೇ ಸಾಗರ. ಹಿಡಿದ ಮೀನಿನ ಬಗ್ಗೆ ಆಯೋಗದ ಕೋಷ್ಟಕ ಇಳಿಸಿಕೊಳ್ಳಿ, ಅದರಲ್ಲಿ ಕಡಲನ್ನು ಅಕ್ಷಾಂಶ, ರೇಖಾಂಶದ 5 ಡಿಗ್ರಿ ಚೌಕಗಳಾಗಿ ಕೊಟ್ಟಿರುತ್ತಾರೆ. ಪಕ್ಕದಲ್ಲಿ ಅದೇ ಚೌಕದಲ್ಲಿ ಹಡಗುಗಳು ಎಷ್ಟು ಗಂಟೆ ಮೀನು ಹಿಡಿದವು ಅಂತ ಗ್ಲೋಬಲ್ ಫಿಶಿಂಗ್ ವಾಚ್ ಕೊಡುವ ಲೆಕ್ಕ ಇಡಿ. ಶಾರ್ಕ್ ಕಾಲಂ ನೋಡಿ, ಎಷ್ಟೋ ಕಡೆ ಖಾಲಿ ಇರುತ್ತೆ, ಇಲ್ಲಾಂದ್ರೆ ಎಲ್ಲ ಜಾತಿಗಳನ್ನೂ ಸೇರಿಸಿ ಸುಮ್ನೆ 'ಶಾರ್ಕ್' ಅಂತ ಒಂದೇ ಸಂಖ್ಯೆ. ಖಾಲಿ ಅಂದರೆ ಸೊನ್ನೆ ಅಲ್ಲ. ಮೀನುಗಾರಿಕೆ ವಿಜ್ಞಾನಿಗಳಾದ ಡೇನಿಯಲ್ ಪೌಲಿ ಮತ್ತು ಡಿರ್ಕ್ ಝೆಲ್ಲರ್ 2016ರಲ್ಲಿ ಈ ಖಾಲಿಗಳನ್ನೇ ತುಂಬುತ್ತಾ ಹೋದರು. 1996ರಲ್ಲಿ ಜಗತ್ತಿನಲ್ಲಿ ಹಿಡಿದ ಕಡಲ ಮೀನು 8.6 ಕೋಟಿ ಟನ್ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಲೆಕ್ಕ ಇತ್ತು, ಇವರ ಲೆಕ್ಕ 13 ಕೋಟಿಗೆ ಬಂತು! ಅದರಲ್ಲಿ ಕಡಲಿಗೇ ಎಸೆದ ಮೀನು, ಕರಾವಳಿಯ ಸಣ್ಣ ದೋಣಿಗಳ ಮೀನು ಎಲ್ಲ ಸೇರಿದೆ, ಹಾಗಾಗಿ ಅದನ್ನು ನಡುಗಡಲಿನ ಕಳ್ಳತನ ಅಂತ ಎತ್ತಿ ಬಳಸಬೇಡಿ. ಲೆಕ್ಕ ಕೊಡದೇ ಇರೋದು ಬೇರೆ, ಕಾನೂನು ಮುರಿಯೋದು ಬೇರೆ.

ಪ್ರಶ್ನೆ: ಮಡಿಕೇರಿ ಮಾರ್ಕೆಟ್‌ನ ಚೂರ ಮೀನು (ಟ್ಯೂನಾ) ಅಂಥ ಹಡಗುಗಳದ್ದಾ?

ಉತ್ತರ: ಸಾಮಾನ್ಯವಾಗಿ ಅಲ್ಲ. ನಮ್ಮಲ್ಲಿಗೆ ಘಟ್ಟ ಹತ್ತಿ ಬರೋದು ಹೆಚ್ಚಾಗಿ ಕಣ್ಣೂರು, ತಲಶ್ಶೇರಿ, ಮಂಗಳೂರು ಕಡೆಯ ಬೋಟ್‌ಗಳ ಮೀನು. ಲಾಂಗ್‌ಲೈನ್ ಹಡಗುಗಳ ದೊಡ್ಡ ಟ್ಯೂನಾಗೆ ಜಪಾನ್ ದೊಡ್ಡ ಮಾರ್ಕೆಟ್. ಆದರೆ ಹಳದಿ ರೆಕ್ಕೆಯ ಟ್ಯೂನಾ ಆಚೆಯಿಂದ ಈಚೆಗೆ ಓಡಾಡುವ ಮೀನು, ಲಕ್ಷದ್ವೀಪದವರ ಗಾಳಕ್ಕೂ ಬೀಳುತ್ತದೆ. ಆಚೆ ಹಿಡಿದದ್ದು ಲೆಕ್ಕಕ್ಕೆ ಬಾರದಿದ್ದರೆ ಅವರಿಗೆ ಎಷ್ಟು ಉಳಿಯುತ್ತೆ ಅಂತ ಹೇಳೋದಕ್ಕೂ ಆಗಲ್ಲ.