ಅಪಸ್ವರ ಕೇಳಿಸುವ ಕಿವಿ

ಸಂಪಾದಕರ ಉತ್ತರ

ಮೈಸೂರಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರವನ್ನು ಚಿಕ್ಕದು ಮಾಡಿದರೆ ಇಷ್ಟು:

"ನನಗೆ 42 ವರ್ಷ. ಹದಿನಾರಕ್ಕೆ ದೃಢೀಕರಣ, ಅಂದರೆ ನಂಬಿಕೆಯನ್ನು ಸಭೆಯ ಮುಂದೆ ಸ್ವತಃ ಒಪ್ಪಿಕೊಳ್ಳುವ ವಿಧಿ, ಆಯಿತು. ಅಂದಿನಿಂದ ಒಂದು ಭಾನುವಾರವನ್ನೂ ಸುಮ್ನೆ ತಪ್ಪಿಸಿದವನಲ್ಲ. ಆದರೆ ಪ್ರಾರ್ಥನೆಗೆ ಕೂತರೆ ಐದು ನಿಮಿಷಕ್ಕೆಲ್ಲ ಮನಸ್ಸು ಮನೆ ಸಾಲದ ಕಂತಿನ ಕಡೆ ಹೋಗುತ್ತದೆ. ಅಣ್ಣನ ಜೊತೆ ಸೈಟಿನ ಜಗಳ ಶುರುವಾಗಿ ಆರು ವರ್ಷ. ಫೋನಿನಲ್ಲಿ ಅವನ ದನಿ ಕೇಳಿದರೆ ಈಗಲೂ ಮೈ ಉರಿಯುತ್ತದೆ. ಮೊದಲೆಲ್ಲ ಹೀಗೆ ಸಿಟ್ಟು ಮಾಡಿಕೊಳ್ಳುವುದು ನನಗೆ ತಪ್ಪು ಅಂತಲೇ ಅನ್ನಿಸುತ್ತಿರಲಿಲ್ಲ. ಈಗ ದಿನಾ ಚುಚ್ಚುತ್ತದೆ. ಹೋದ ತಿಂಗಳು ನಮ್ಮ ಸಭೆಯ ಹುಡುಗನೊಬ್ಬ ಮೂರು ದಿನದ ಕೂಟಕ್ಕೆ ಹೋಗಿ ಬಂದು, ಪೂರ್ತಿ ಬದಲಾದೆ ಅಂತ ಸಾಕ್ಷಿ ಹೇಳಿದ. 26 ವರ್ಷದಿಂದ ನಾನೇನು ಮಾಡುತ್ತಿದ್ದೇನೆ? ಹಿಂದಕ್ಕೆ ಹೋಗುತ್ತಿದ್ದೇನಾ? ಪ್ರಯತ್ನ ಪಡುತ್ತಿದ್ದೇನೆ ಅಂದರೆ ಪ್ರಾರ್ಥನಾ ಗುಂಪಿನಲ್ಲಿ ಒಬ್ಬರು 'ಅದು ಕ್ರಿಯೆ, ಕೃಪೆಯಲ್ಲ' ಅನ್ನುತ್ತಾರೆ. ದೇವರು ಸುಮ್ಮನೆ ಕೊಡುವುದನ್ನು ನಾನು ದುಡಿದು ಗಳಿಸಲು ಹೊರಟಿದ್ದೇನಂತೆ.

ತಾ.ಕ.: ಮಗಳು ಎರಡು ವರ್ಷದಿಂದ ಪಿಟೀಲು ಕಲಿಯುತ್ತಿದ್ದಾಳೆ. ಮೊದಲ ವರ್ಷ ಖುಷಿಯಾಗಿ ನುಡಿಸುತ್ತಿದ್ದಳು. ಈಗ 'ನಂಗೆ ಬರಲ್ಲ' ಅಂತ ಅಳುತ್ತಾಳೆ. ಕ್ಲಾಸ್ ಬಿಡಿಸಿಬಿಡಲಾ?"

ಸಹೋದರರೇ, ನಿಮ್ಮ ನಾಲ್ಕು ಪುಟಕ್ಕೆ ಉತ್ತರ ಆ ತಾ.ಕ.ದಲ್ಲೇ ಇದೆ. ನೀವು ಗಮನಿಸಿಲ್ಲ ಅಷ್ಟೇ. ಅದಕ್ಕೆ ಬರುವ ಮೊದಲು ನನ್ನದೇ ಒಂದು ಮಾನ ಹೋದ ಕಥೆ ಹೇಳುತ್ತೇನೆ.

ನಾನು ಹುಡುಗನಾಗಿದ್ದಾಗ ನಮ್ಮ ದೇವಾಲಯದಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ಅವರ ಪಕ್ಕ ಕೂತು ತಿದಿ ಒತ್ತುತ್ತಾ ಒತ್ತುತ್ತಾ ನಾನೂ ನಾಲ್ಕು ಹಾಡು ಕಲಿತೆ. ಹದಿನೈದನೇ ವಯಸ್ಸಿಗೆ ನನಗೆ ಬಾರದ್ದು ಏನೂ ಇಲ್ಲ ಅನ್ನೋ ಧೈರ್ಯ. ಆ ವರ್ಷ ಕ್ರಿಸ್ಮಸ್ ಬೆಳಗಿನ ಆರಾಧನೆಗೆ ಮೇಷ್ಟ್ರಿಗೆ ಜ್ವರ. ನಾನೇ ಕೂತೆ. ಜೋರಾಗಿ ಕೇಳಲಿ ಅಂತ ಎಂದಿನ ಶ್ರುತಿಗಿಂತ ನಾಲ್ಕು ಮನೆ ಮೇಲೆ ಹಿಡಿದೆ. ಎರಡನೇ ಚರಣಕ್ಕೆ ಗಂಡಸರ ಸಾಲು ಬಾಯಿ ಮುಚ್ಚಿತು. ಮೂರನೆಯದಕ್ಕೆ ಅಜ್ಜಿಯರು ಕೈಬಿಟ್ಟರು. ಕೊನೆಗೆ ಹಾಡುತ್ತಿದ್ದದ್ದು ಸಂಡೇ ಸ್ಕೂಲಿನ ಮಕ್ಕಳು ಮಾತ್ರ, ಅವೂ ಕಿರುಚುತ್ತಿದ್ದವು. ನನಗೆ ಏನೂ ಗೊತ್ತಾಗಲಿಲ್ಲ! ಚೆನ್ನಾಗಿ ಬಂತು ಅಂದುಕೊಂಡು ಕೇಕ್ ತಿಂದು ಮನೆಗೆ ಹೋದೆ.

ಮೇಷ್ಟ್ರಿಗೆ ಸುದ್ದಿ ಮುಟ್ಟಿತ್ತು. ಬೈಯಲಿಲ್ಲ. "ಬೆರಳು ಬಂದಿದೆ, ಕಿವಿ ಇನ್ನೂ ಬಂದಿಲ್ಲ" ಅಂದರು. ಎರಡು ವರ್ಷ ಕಳೆದ ಮೇಲೆ ಕಿವಿ ಬಂತು. ಬಂದ ಕೂಡಲೇ ಬಾರಿಸುವುದೇ ಬೇಡ ಅನ್ನಿಸಿಬಿಟ್ಟಿತು. ಯಾಕೆಂದರೆ ನಾನು ಬಾರಿಸುವುದು ಹೇಗಿದೆ ಅಂತ ಮೊದಲ ಸಲ ನನಗೇ ಕೇಳಿಸಿತ್ತು.

ಈಗ ನಿಮ್ಮ ಮಗಳ ವಿಷಯ. ವೀಣೆಗೆ ಬೆರಳಿಡುವ ಜಾಗ ತೋರಿಸುವ 24 ಮೆಟ್ಟುಗಳಿವೆ. ಹಾರ್ಮೋನಿಯಂನಲ್ಲಿ ಮನೆ ಒತ್ತಿದರೆ ಸಾಕು, ಸ್ವರ ಬರುತ್ತದೆ. ಪಿಟೀಲಿನಲ್ಲಿ ಬೆರಳಿಗೆ ಇಲ್ಲಿಡು ಅಂತ ಹೇಳುವ ಒಂದು ಗುರುತೂ ಇಲ್ಲ. ಕಲಿಯುವವರ ಮೊದಲ ಪಾಠವಾದ ಸರಳೆ ವರಸೆ ಶುರುವಾಗುವುದು ಮಾಯಾಮಾಳವಗೌಳ ರಾಗದಲ್ಲಿ, ಅಲ್ವಾ? ಅದರಲ್ಲಿ ಸ ಪಕ್ಕದಲ್ಲೇ ಅಂಟಿಕೊಂಡ ಹಾಗೆ ರಿ, ಆಮೇಲೆ ಗ ದೂರ. ಕೂದಲೆಳೆಯಷ್ಟು ಬೆರಳು ಜಾರಿದರೂ ರಿ ರಿಯಲ್ಲ. ಮೊದಲ ವರ್ಷ ನಿಮ್ಮ ಮಗಳ ಬೆರಳು ದಿನಾ ಜಾರಿರುತ್ತದೆ. ಆದರೆ ಅವಳಿಗೆ ಕೇಳಿಸಿರುವುದಿಲ್ಲ. ಅದಕ್ಕೇ ಖುಷಿಯಾಗಿದ್ದಳು. ಈಗ ಕೇಳಿಸುತ್ತಿದೆ. ಕೈಗಿಂತ ಕಿವಿ ಮುಂದೆ ಹೋಗಿದೆ. ಅವಳು ಬಹುಶಃ ಹೋದ ವರ್ಷಕ್ಕಿಂತ ಚೆನ್ನಾಗೇ ನುಡಿಸುತ್ತಿದ್ದಾಳೆ, ಆದರೂ ಕೆಟ್ಟದಾಗಿ ನುಡಿಸುತ್ತಿದ್ದೇನೆ ಅಂತ ಅವಳಿಗೆ ಅನ್ನಿಸುತ್ತಿದೆ.

ನಿಮ್ಮ ಪತ್ರದಲ್ಲಿ ಈ ಸಾಲು ಮತ್ತೆ ಓದಿ: "ಮೊದಲೆಲ್ಲ ತಪ್ಪು ಅಂತಲೇ ಅನ್ನಿಸುತ್ತಿರಲಿಲ್ಲ. ಈಗ ದಿನಾ ಚುಚ್ಚುತ್ತದೆ." ಇದನ್ನು ನೀವು ಹಿಂದಕ್ಕೆ ಹೋಗಿರುವುದಕ್ಕೆ ಸಾಕ್ಷಿ ಅಂತ ಬರೆದಿದ್ದೀರಿ. ನಾನು ಅದನ್ನು ಉಲ್ಟಾ ಓದುತ್ತೇನೆ.

ಇದು ನನ್ನ ಸ್ವಂತ ಜಾಣತನವಲ್ಲ. ಸತ್ಯವೇದದಲ್ಲಿ ಇಬ್ರಿಯರ ಪತ್ರದ 5ನೇ ಅಧ್ಯಾಯದ ಕೊನೆ ನೋಡಿ. ಹಾಲು ಕುಡಿಯುವ ಕೂಸು ಯಾರು, ಗಟ್ಟಿ ಆಹಾರ ತಿನ್ನುವ ಪ್ರಾಯಸ್ಥ ಯಾರು ಅನ್ನುವ ಮಾತು ಬರುತ್ತದೆ. ಅಲ್ಲಿ ಪ್ರಾಯಸ್ಥ ಅಂದರೆ ತಪ್ಪೇ ಮಾಡದವನಲ್ಲ. ಸಾಧನೆಯಿಂದ ತನ್ನ ಇಂದ್ರಿಯಗಳನ್ನು ಪಳಗಿಸಿಕೊಂಡು, ಇದು ಒಳ್ಳೆಯದು ಇದು ಕೆಟ್ಟದ್ದು ಅಂತ ಗುರುತು ಹಿಡಿಯಬಲ್ಲವನು. ಅಂದರೆ ಮೊದಲು ಕಿವಿಯ ಮಾತು, ಕೈಯ ಮಾತು ಆಮೇಲೆ.

ಆರಂಭದ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನನ್ನೇ ತೆಗೆದುಕೊಳ್ಳಿ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ತಾನು ಅಪೊಸ್ತಲರಲ್ಲಿ ಕನಿಷ್ಠನು ಅನ್ನುತ್ತಾನೆ. ವರ್ಷಗಳು ಕಳೆದ ಮೇಲೆ ಎಫೆಸದವರಿಗೆ ಬರೆಯುವಾಗ ದೇವಜನರೆಲ್ಲರಲ್ಲಿ ಅತ್ಯಲ್ಪನು ಅನ್ನುತ್ತಾನೆ. ಮುದಿತನಕ್ಕೆ ಹತ್ತಿರವಾಗಿ ತಿಮೊಥೆಯನಿಗೆ ಬರೆಯುವಾಗ ಪಾಪಿಗಳಲ್ಲಿ ತಾನೇ ಮುಖ್ಯನು ಅನ್ನುತ್ತಾನೆ. ಅಪೊಸ್ತಲರ ಸಾಲಿನಿಂದ ಭಕ್ತರ ಸಾಲಿನ ಕೊನೆಗೆ, ಅಲ್ಲಿಂದ ಪಾಪಿಗಳ ಸಾಲಿನ ಮುಂದಕ್ಕೆ! ಮನುಷ್ಯ ಕೆಟ್ಟು ಹೋದನಾ? ಇಲ್ಲ. ಕಿವಿ ಸೂಕ್ಷ್ಮವಾಯಿತು. ಶ್ರುತಿ ಪೆಟ್ಟಿಗೆ ಹಾಕಿಕೊಳ್ಳದೆ ನುಡಿಸುವವನಿಗೆ ಅಪಸ್ವರದ ಕಾಟವೇ ಇರುವುದಿಲ್ಲ.

ಇನ್ನು ಮೂರು ದಿನದ ಕೂಟದ ಹುಡುಗ. ಅವನ ಸಾಕ್ಷಿಯನ್ನು ನಾನು ಅಲ್ಲಗಳೆಯುವುದಿಲ್ಲ. ದಮಸ್ಕದ ದಾರಿಯಲ್ಲಿ ಪೌಲನಿಗೆ ಬದಲಾಗಲು ಮೂರು ದಿನವೂ ಬೇಕಾಗಲಿಲ್ಲ. ಆದರೆ ಗಲಾತ್ಯ ಪತ್ರದ ಮೊದಲೆರಡು ಅಧ್ಯಾಯಗಳಲ್ಲಿ ಅವನೇ ಮುಂದಿನ ಲೆಕ್ಕ ಕೊಡುತ್ತಾನೆ. ಅರಬಸ್ಥಾನಕ್ಕೆ ಹೋದೆ, ತಿರುಗಿ ದಮಸ್ಕಕ್ಕೆ ಬಂದೆ, ಮೂರು ವರ್ಷದ ಮೇಲೆ ಯೆರೂಸಲೇಮಿಗೆ ಹೋದೆ, 14 ವರ್ಷದ ಮೇಲೆ ಮತ್ತೆ ಹೋದೆ. ಆ ವರ್ಷಗಳಲ್ಲಿ ಏನಾಯಿತು ಅಂತ ಹೆಚ್ಚು ಹೇಳುವುದಿಲ್ಲ. ವರಸೆ ಅಭ್ಯಾಸ ಮಾಡಿದ ದಿನಗಳ ಬಗ್ಗೆ ಯಾರು ತಾನೇ ಹೇಳಿಕೊಳ್ಳುತ್ತಾರೆ? ಆ ಹುಡುಗ ಪಿಟೀಲು ಮನೆಗೆ ತಂದ ದಿನದ ಖುಷಿಯಲ್ಲಿದ್ದಾನೆ. ಇರಲಿ ಬಿಡಿ. ಇನ್ನೆರಡು ವರ್ಷಕ್ಕೆ ಅವನಿಗೂ ಚುಚ್ಚಲು ಶುರುವಾಗುತ್ತದೆ. ಆಗ ಅವನಿಗೆ ನಿಮ್ಮಂಥವರು ಬೇಕು.

'ಅದು ಕ್ರಿಯೆ, ಕೃಪೆಯಲ್ಲ' ಅಂದವರಿಗೆ ಏನು ಹೇಳುವುದು? ಮಗಳಿಗೆ ಪಿಟೀಲು ಕೊಡಿಸಿದ್ದು ನೀವು. ಅವಳಿಗೆ ಒಂದು ಸ್ವರ ಬರುವ ಮೊದಲೇ ಕೊಡಿಸಿದಿರಿ. ಅವಳು ದಿನಾ ಅರ್ಧ ಗಂಟೆ ಕೂರುವುದು ಆ ಪಿಟೀಲನ್ನು ಸಂಪಾದಿಸಿಕೊಳ್ಳಲಿಕ್ಕಲ್ಲ, ಮಗಳಾಗಿ ಉಳಿಯಲಿಕ್ಕೂ ಅಲ್ಲ. ಚೆನ್ನಾಗಿ ನುಡಿಸದಿದ್ದರೆ ಮನೆಯಿಂದ ಆಚೆ ಹಾಕುತ್ತೀರಾ? ಫಿಲಿಪ್ಪಿ 2ರಲ್ಲಿ 12ನೇ ವಚನ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿ ಅನ್ನುತ್ತದೆ, 13ನೆಯದು ನಿಮ್ಮೊಳಗೆ ಕೆಲಸ ಮಾಡುವವನು ದೇವರೇ ಅನ್ನುತ್ತದೆ. ನಾವು ಒಂದೊಂದು ಪಂಗಡದವರು ಒಂದೊಂದು ವಚನ ಹಿಡಿದುಕೊಂಡು ಜಗಳ ಆಡುತ್ತೇವೆ. ಅಂದಹಾಗೆ, ತಿಮೊಥೆಯನಿಗೆ ದೇವಭಕ್ತಿಯ ವಿಷಯದಲ್ಲಿ ಸಾಧನೆ ಮಾಡಿಕೋ ಅನ್ನುವ ಕಡೆ ಪೌಲ ಬಳಸಿದ ಗ್ರೀಕ್ ಮಾತು ಗರಡಿಮನೆಯ ಮಾತು, ಮೈ ಪಳಗಿಸುವ ಮಾತು. ನಮ್ಮ ಭಾಷಾಂತರಕಾರರು ಅದಕ್ಕೆ ಸಾಧನೆ ಅಂತ ಹಾಕಿದರು. ಸಂಗೀತಗಾರರು ಬೆಳಗಿನ ಜಾವ ಎದ್ದು ಮಾಡುವುದಕ್ಕೂ ನಮ್ಮಲ್ಲಿ ಅದೇ ಹೆಸರು. ಅವರಿಗೆ ಇದು ಹೊಳೆದಿತ್ತೋ ಇಲ್ಲವೋ, ನನಗಂತೂ ಆ ಪದ ಬಹಳ ಇಷ್ಟ.

ಸಾಧನೆ ಅಂದರೆ ಜಾಸ್ತಿ ಹೊತ್ತು ಕೂರುವುದು ಅಂದುಕೊಳ್ಳಬೇಡಿ. ನಾನು ಈ ತಪ್ಪು ಮಾಡಿದ್ದೇನೆ. ಒಂದು ಹಾಡಿನ ಅನುಪಲ್ಲವಿಯಲ್ಲಿ ನನಗೆ ಒಂದೇ ಕಡೆ ಬೆರಳು ತೊಡರುತ್ತಿತ್ತು. ಪ್ರತಿಸಲ ಮೊದಲಿನಿಂದ ಇಡೀ ಹಾಡು ಬಾರಿಸುತ್ತಿದ್ದೆ. ಪ್ರತಿಸಲ ಅಲ್ಲೇ ತೊಡರುತ್ತಿತ್ತು. ಮೇಷ್ಟ್ರು ಒಂದು ದಿನ ತಿದಿ ಮುಚ್ಚಿ ಹೇಳಿದರು: "ನೀನು ಹಾಡನ್ನ ಅಭ್ಯಾಸ ಮಾಡ್ತಾ ಇಲ್ಲ, ತಪ್ಪನ್ನ ಅಭ್ಯಾಸ ಮಾಡ್ತಾ ಇದ್ದೀಯ." ಆಮೇಲೆ ಆ ನಾಲ್ಕು ಸ್ವರ ಮಾತ್ರ ತೆಗೆದು, ವಿಳಂಬದಲ್ಲಿ, ಹೆಬ್ಬೆರಳು ಕೆಳಗಿನಿಂದ ದಾಟುವ ಜಾಗ ತೋರಿಸಿದರು. ಅಷ್ಟನ್ನೇ ಒಂದು ವಾರ. ಬೇಜಾರಿಗೆ ಅಳು ಬರುತ್ತಿತ್ತು. ಮುಂದಿನ ಭಾನುವಾರ ಬೆರಳು ತಾನಾಗಿ ದಾಟಿತು.

ನಿಮ್ಮ ನಾಲ್ಕು ಸ್ವರ ಯಾವುದು ಅಂತ ನೀವೇ ಬರೆದಿದ್ದೀರಿ. ಅಣ್ಣನ ಫೋನು. 'ಕರ್ತನೇ, ನನ್ನನ್ನು ಪ್ರೀತಿಯಿಂದ ತುಂಬಿಸು' ಅಂತ ಇಡೀ ಹಾಡನ್ನು ಆರು ವರ್ಷದಿಂದ ಬಾರಿಸುತ್ತಿದ್ದೀರಿ, ಆ ಜಾಗ ಬಂದಾಗ ಮತ್ತೆ ತೊಡರುತ್ತೀರಿ. ಪ್ರೀತಿ ದೊಡ್ಡ ರಾಗ, ಸದ್ಯ ಅದು ಇರಲಿ. ಮುಂದಿನ ಸಲ ಅವರ ಹೆಸರು ಫೋನಿನಲ್ಲಿ ಕಂಡಾಗ ಎತ್ತುವ ಮೊದಲು ಮೂರು ಸಲ ಉಸಿರು ಬಿಟ್ಟು, ಅವರ ಹೆಸರು ಹೇಳಿ ಒಂದೇ ವಾಕ್ಯ ಪ್ರಾರ್ಥಿಸಿ. ಎತ್ತಿದ ಮೇಲೆ ಮೊದಲ ಎರಡು ನಿಮಿಷ ಅವರೇ ಮಾತಾಡಲಿ. ಸತ್ಯವೇದದಲ್ಲಿ ಯಾಕೋಬನ ಪತ್ರ ಹೇಳುವುದೂ ಅದನ್ನೇ: ಕಿವಿಗೆ ಅವಸರ, ನಾಲಿಗೆಗೆ ನಿಧಾನ. ಸೈಟಿನ ವಿಷಯ ಇತ್ಯರ್ಥ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ವಕೀಲರ ಕೆಲಸ ವಕೀಲರಿಗೆ. ನಿಮ್ಮ ಅಭ್ಯಾಸ ಆ ಎರಡು ನಿಮಿಷ.

ಪ್ರಾರ್ಥನೆ ಒಣಗಿದೆ ಅಂದಿರಿ. ಒಣಗಿದ ಪ್ರಾರ್ಥನೆಗೂ ಸತ್ಯವೇದದಲ್ಲಿ ಸ್ವರ ಹಾಕಿಟ್ಟಿದ್ದಾರೆ. 13ನೇ ಕೀರ್ತನೆ ಎಷ್ಟರವರೆಗೆ, ಎಷ್ಟರವರೆಗೆ ಅಂತ ನಾಲ್ಕು ಸಲ ಕೇಳುತ್ತದೆ. 88ನೆಯದು ಕತ್ತಲೆ ಅನ್ನುವ ಮಾತಿನಲ್ಲೇ ಮುಗಿದುಹೋಗುತ್ತದೆ, ಕೊನೆಗೊಂದು ಹಲ್ಲೆಲೂಯ ಕೂಡ ಇಲ್ಲ. ಆದರೆ ಎರಡರ ಶಿರೋನಾಮೆಯಲ್ಲೂ ಪ್ರಧಾನ ಗಾಯಕನಿಗೆ ಅಂತ ಇದೆ. ಅಂದರೆ ಯಾರೋ ಒಬ್ಬರ ದೂರನ್ನು ಕೊಯರ್ ಮಾಸ್ಟರ್ ಕೈಗೆ ಕೊಟ್ಟು, ಇದನ್ನು ಎಲ್ಲರಿಗೂ ಕಲಿಸು ಅಂದಿದ್ದಾರೆ. ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲಿ 150 ಕೀರ್ತನೆಗಳನ್ನು ತಿಂಗಳ 30 ದಿನಕ್ಕೆ ಬೆಳಿಗ್ಗೆ ಸಂಜೆ ಅಂತ ಹಂಚಿದ್ದಾರೆ. ನೀವು ಅಷ್ಟು ಮಾಡಬೇಡಿ. ದಿನಕ್ಕೆ ಒಂದು ಸಾಕು, ಆದರೆ ಬಾಯಿಬಿಟ್ಟು ಓದಿ. ನಿಮಗೆ ಆ ದಿನ ಹಾಗೆ ಅನ್ನಿಸದಿದ್ದರೂ ಓದಿ. ಸರಳೆ ವರಸೆ ನುಡಿಸುವಾಗ ಯಾರಿಗೂ ಭಾವ ಉಕ್ಕಿ ಬರುವುದಿಲ್ಲ.

ಮನಸ್ಸು ಸಾಲದ ಕಂತಿಗೆ ಹೋಯಿತಾ? ಕಂತಿನ ವಿಷಯವನ್ನೇ ಪ್ರಾರ್ಥನೆಗೆ ತಗೊಳ್ಳಿ. ಅದಕ್ಕೆ ಇಷ್ಟೊಂದು ಕೊರಗಬೇಕಾಗಿಲ್ಲ.

ಈ ಹೋಲಿಕೆಯನ್ನು ಇನ್ನೂ ಎಳೆದರೆ ಹರಿಯುತ್ತದೆ ಅಂತ ನನಗೂ ಗೊತ್ತು. ವಾದ್ಯಕ್ಕೆ ನಿಮ್ಮ ಮೇಲೆ ಪ್ರೀತಿ ಇರುವುದಿಲ್ಲ. ಸಂಗೀತ ಎಲ್ಲರಿಗೂ ಒಲಿಯುವುದಿಲ್ಲ, ಕೃಪೆಗೆ ಆ ತಾರತಮ್ಯವಿಲ್ಲ. ಮತ್ತೆ, ಅಭ್ಯಾಸ ಪಕ್ಕಾ ಇದ್ದು ಒಳಗೆ ಪ್ರೀತಿಯೇ ಇಲ್ಲದವರನ್ನೂ ನೋಡಿದ್ದೇವೆ. ದಿನಕ್ಕೆ ಐದು ಅಧ್ಯಾಯ ಓದುವವರು, ಆದರೆ ಸೊಸೆ ಅವರನ್ನು ಕಂಡರೆ ಅಡುಗೆಮನೆಗೆ ಓಡುತ್ತಾಳೆ. ಪೌಲ ಅಂಥವರನ್ನು ಗಣಗಣಿಸುವ ತಾಳ ಅಂದ. ಸದ್ದೇನೋ ಜೋರು.

ಒಂದು ವಿಷಯ ನಿಮ್ಮ ಪತ್ರದಲ್ಲಿ ಎಲ್ಲೂ ಕಾಣಲಿಲ್ಲ. ನಿಮಗೆ ಕಲಿಸುವವರು ಯಾರು? ನೀವು ಯಾರಿಗೆ ಕಲಿಸುತ್ತಿದ್ದೀರಿ? 1 ಪೂರ್ವಕಾಲವೃತ್ತಾಂತದ 25ನೇ ಅಧ್ಯಾಯವನ್ನು ನಾವೆಲ್ಲ ಬರೀ ಹೆಸರುಗಳು ಅಂತ ದಾಟಿಬಿಡುತ್ತೇವೆ. ದಾವೀದನ ಕಾಲದ ದೇವಾರಾಧನೆಯ ವಾದ್ಯಗಾರರ ಪಟ್ಟಿ ಅದು. ಕರ್ತನಿಗೆ ಹಾಡಲು ತರಬೇತಾದವರು 288 ಮಂದಿ, ಹನ್ನೆರಡು ಜನರ 24 ತಂಡ. ಸರದಿಗೆ ಚೀಟು ಹಾಕುವಾಗ ದೊಡ್ಡವರು ಚಿಕ್ಕವರು, ಗುರು ಶಿಷ್ಯ ಅನ್ನುವ ಭೇದ ಮಾಡಲಿಲ್ಲ ಅಂತ ಬರೆದಿದೆ. ಕಲಿತವನೂ ಕಲಿಯುತ್ತಿರುವವನೂ ಒಂದೇ ಆರಾಧನೆಯಲ್ಲಿ ಸಮನಾಗಿ ನಿಂತರು. ನೀವು 26 ವರ್ಷದಿಂದ ಒಬ್ಬರೇ ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೀರಿ ಅಂತ ನನಗೆ ಅನುಮಾನ. ಆ ಕೂಟದ ಹುಡುಗನನ್ನು ಒಂದು ಸಂಜೆ ಕಾಫಿಗೆ ಕರೆಯಿರಿ. ಅಣ್ಣನ ಫೋನಿನ ಕಥೆ ಅವನಿಗೂ ಹೇಳಿ.

ಮಗಳ ಕ್ಲಾಸ್ ಈಗಲೇ ಬಿಡಿಸಬೇಡಿ. ಮೊದಲು ಅವಳ ಮೇಷ್ಟ್ರನ್ನು ಕೇಳಿ. ಅವಳಿಗೆ ಕಿವಿ ಬಂದಿದೆ ಅಂತ ಅವರೇ ಹೇಳುತ್ತಾರೆ ಅನ್ನುವುದು ನನ್ನ ಊಹೆ. ಅಷ್ಟರವರೆಗೆ, ಅವಳು ಕಾಲು ಮಡಚಿ ಕೂತು, ಪಾದದ ಮೇಲೆ ಪಿಟೀಲಿನ ತುದಿ ಇಟ್ಟು ಶ್ರುತಿ ಹಾಕಿಕೊಳ್ಳುವ ಹೊತ್ತಿಗೆ ನೀವೂ ಅದೇ ಕೋಣೆಗೆ ಹೋಗಿ. ಆ ಮೂಲೆಯಲ್ಲಿ ಕೂತು ನಿಮ್ಮ ಕೀರ್ತನೆ ಓದಿ. ಅವಳ ರಿ ಜಾರಿದಾಗ ತಲೆ ಎತ್ತಿ ನೋಡಬೇಡಿ. ಆಮೇಲೆ ಏನಾಯಿತು ಅಂತ ಮೂರು ತಿಂಗಳು ಬಿಟ್ಟು ಬರೆಯಿರಿ. ನಾಲ್ಕು ಪುಟವೇ ಆಗಲಿ, ಓದುತ್ತೇನೆ.