27 ವರ್ಷದ ತಮ್ಮನಿಗೆ ಡಿಸ್‌ಲೆಕ್ಸಿಯಾ (ಓದು-ಬರಹದಲ್ಲಿ ತೊಡಕು ತರುವ ಕಲಿಕಾ ನ್ಯೂನತೆ) ಇದೆ. ಮುಕ್ತ ಶಾಲೆಯ ಮೂಲಕ ಹತ್ತನೇ ತರಗತಿ ಓದುತ್ತಿದ್ದಾನೆ. ಹೇಗೆ ನೆರವಾಗಲಿ?

ದಯವಿಟ್ಟು ಒಂದನೇ ತರಗತಿಯ ಪುಸ್ತಕ ಕೊಡಬೇಡಿ. ವಯಸ್ಕರಿಗೆ ಅದು ಅವಮಾನ, ಮತ್ತು ಶಾಲೆಯಲ್ಲಿ ‘ದಡ್ಡ’ ಎನಿಸಿಕೊಂಡ ನೋವನ್ನು ಕೆದಕುತ್ತದೆ. ಅವರ ಕೆಲಸಕ್ಕೆ ಬೇಕಾದ ರಸೀದಿ, ಸಂಬಳದ ಚೀಟಿ, ಪರೀಕ್ಷೆಯ ಪಾಠ, ಇವುಗಳಿಂದಲೇ ಪದಗಳನ್ನು ಆರಿಸಿಕೊಳ್ಳಿ.

ಕನ್ನಡದಲ್ಲಿ ತೊಡಕು ಹೆಚ್ಚಾಗಿ ಕಾಣುವುದು ಒತ್ತಕ್ಷರ, ಗುಣಿತ ಮತ್ತು ಒಂದನ್ನೊಂದು ಹೋಲುವ ದ-ಧ, ಪ-ಷಗಳಲ್ಲಿ. ‘ಸೂರ್ಯ’ ಎನ್ನುವಾಗ ರ್ ಮೊದಲು ಕೇಳಿಸುತ್ತದೆ, ಬರೆಯುವಾಗ ಅರ್ಕಾವೊತ್ತು ಯ ಆದ ಮೇಲೆ ಬರುತ್ತದೆ. ಇಂಥ ಪದಗಳನ್ನು ಬಿಡಿಸಿ ಹೇಳಿಸಿ, ದೊಡ್ಡದಾಗಿ ಬರೆಸಿ. ದಿನಕ್ಕೆ ನಾಲ್ಕೈದು ಪದ ಸಾಕು, ಆದರೆ ಹಳೆಯವು ಮತ್ತೆ ಮತ್ತೆ ಬರಬೇಕು. ಎಲ್ಲರೆದುರು ಗಟ್ಟಿಯಾಗಿ ಓದಿಸಬೇಡಿ.

ವಿಜ್ಞಾನ, ಸಮಾಜದ ಪಾಠಗಳನ್ನು ಮೊಬೈಲ್‌ನಲ್ಲಿ ಓದಿಸಿ ಕೇಳಲಿ, ಉತ್ತರವನ್ನು ಬಾಯಲ್ಲಿ ಹೇಳಲಿ. ಇದು ಅಡ್ಡದಾರಿಯಲ್ಲ, ಓದಲು ತಡವಾಗುವವರ ತಿಳಿವಳಿಕೆ ಓದು ಸರಾಗವಾಗುವವರೆಗೆ ಕಾಯಬೇಕಾಗಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು; ಡಿಸ್‌ಲೆಕ್ಸಿಯಾ ಇದರಲ್ಲೇ ಸೇರುತ್ತದೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಮುಂತಾದ ಸೌಲಭ್ಯ ಕೇಳಬಹುದು. ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಪತ್ರ ಕೈಸೇರಲು ಸಮಯ ಹಿಡಿಯಬಹುದು; ಪರೀಕ್ಷೆಗೆ ಹಲವು ತಿಂಗಳ ಮೊದಲೇ ಹೊರಡಿ, ಶಾಲಾ ದಿನಗಳ ಅಂಕಪಟ್ಟಿ, ಹಳೆಯ ನೋಟ್‌ಪುಸ್ತಕಗಳಿದ್ದರೆ ಜೊತೆಗೆ ಒಯ್ಯಿರಿ.