ಲೆನ್ಸ್ ಕೆಟ್ಟಿಲ್ಲ, ಮೂಲೆಗಳು ಈಗ ಕಾಣ್ತಿವೆ

ಪ್ರಶ್ನೆ: ಚಿಕ್ಕಪ್ಪ ಕೊಟ್ಟ ಫಿಲಂ ಕಾಲದ 20 ಎಂಎಂ ಲೆನ್ಸನ್ನು ಕ್ರಾಪ್ ಸೆನ್ಸರ್ (ಚಿತ್ರ ಹಿಡಿಯುವ ಫಲಕ ಚಿಕ್ಕದಿರುವ) ಕ್ಯಾಮೆರಾಗೆ ಹಾಕಿ ಬಳಸುತ್ತಿದ್ದೆ. ಚೆನ್ನಾಗಿಯೇ ಇತ್ತು. ಈಗ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ಕೊಂಡಿದ್ದೇನೆ. ಮಾಂದಲಪಟ್ಟಿ ಬೆಟ್ಟದಲ್ಲಿ ತೆಗೆದ ಫೋಟೋಗಳ ಮೂಲೆಯೆಲ್ಲ ಮಸುಕು, ಜೊತೆಗೆ ಕಪ್ಪು. ಲೆನ್ಸ್ ಮಾರಿಬಿಡಲಾ ಸಾರ್?
- ಓದುಗರೊಬ್ಬರು, ಮಡಿಕೇರಿ

ಉತ್ತರ: ಮಾರಬೇಡಿ, ಸ್ವಲ್ಪ ತಡೆಯಿರಿ. ಲೆನ್ಸ್ ಮೊದಲೂ ಹೀಗೇ ಇತ್ತು. ಕ್ರಾಪ್ ಸೆನ್ಸರ್ ಅಂದರೆ ಸುಮಾರು 24×16 ಮಿ.ಮೀ., ಲೆನ್ಸಿನ ನಡುವಿನ ಒಳ್ಳೆ ಭಾಗವನ್ನಷ್ಟೇ ಅದು ಬಳಸುತ್ತಿತ್ತು. ಫುಲ್ ಫ್ರೇಮ್ 36×24 ಮಿ.ಮೀ., ಅಂಚಿನವರೆಗೂ ಬೇಕು. ಅಲ್ಲದೆ ಸೆನ್ಸರ್ ಮುಂದೆ ಗಾಜಿನ ಪದರವೊಂದಿದೆ, ಫಿಲಂಗೆ ಅದಿರಲಿಲ್ಲ. ಮೂಲೆಗೆ ಓರೆಯಾಗಿ ಬರುವ ಬೆಳಕು ಅದನ್ನು ದಾಟುವಾಗ ಇನ್ನಷ್ಟು ಕೆಡಬಹುದು.

ಇನ್ನೊಂದು ವಿಷಯ. ಬೆಟ್ಟದ ಮೇಲೆ ನಿಂತು ತೆಗೆದ ಫೋಟೋದಲ್ಲಿ ಕೆಳಗಿನ ಮೂಲೆಗಳಲ್ಲಿ ಇರುವುದು ಕಾಲ ಬುಡದ ಹುಲ್ಲು, ಅಲ್ವಾ? ಫೋಕಸ್ ಮಾತ್ರ ದೂರದ ಬೆಟ್ಟದ ಸಾಲಿನ ಮೇಲೆ. ಆ ಹುಲ್ಲು ಮಸುಕಾದರೆ ಅದಕ್ಕೆ ಲೆನ್ಸನ್ನು ಬಯ್ಯುವುದು ತಪ್ಪು.

ಮೊದಲು ಪರೀಕ್ಷೆ ಮಾಡಿ. ಮಂಜಿಲ್ಲದ ಬೆಳಿಗ್ಗೆ ನಿಮ್ಮೂರಿನ ರಾಜಾಸೀಟ್ ವ್ಯೂ ಪಾಯಿಂಟ್‌ಗೆ ಹೋಗಿ, ಟ್ರೈಪಾಡ್ ಹಾಕಿ, ಲೈವ್ ವ್ಯೂನಲ್ಲಿ (ಕ್ಯಾಮೆರಾ ಹಿಂದಿನ ಪರದೆಯಲ್ಲಿ) ದೊಡ್ಡದು ಮಾಡಿಕೊಂಡು ದೂರದ ಒಂದು ಮರಕ್ಕೆ ಕೈಯಾರೆ ಫೋಕಸ್ ಮಾಡಿ. ಆಮೇಲೆ ಫೋಕಸ್ ರಿಂಗ್ ಮುಟ್ಟದೆ, ಅದೇ ಮರ ಒಂದೊಂದು ಮೂಲೆಗೂ ಬರುವ ಹಾಗೆ ಕ್ಯಾಮೆರಾ ತಿರುಗಿಸಿ ನಾಲ್ಕು ಫೋಟೋ ತೆಗೆಯಿರಿ. ನಾಲ್ಕೂ ಒಂದೇ ಥರ ಮಸುಕಾಗಿದ್ದರೆ ಆ ಲೆನ್ಸಿನ ಗುಣವೇ ಅಷ್ಟು. ಒಂದೇ ಮೂಲೆ ತೀರಾ ಕೆಟ್ಟಿದ್ದರೆ ಒಳಗಿನ ಗಾಜು ಜಾಗ ಬಿಟ್ಟು ಸರಿದಿರಬಹುದು, ರಿಪೇರಿಗೆ ಕೊಡಿ. ಇಡೀ ಫೋಟೋವೇ ಮಬ್ಬಾಗಿದ್ದರೆ ಟಾರ್ಚ್ ಬಿಟ್ಟು ಒಳಗೆ ನೋಡಿ, ನಮ್ಮ ಮಳೆಗಾಲದ ತೇವಕ್ಕೆ ಫಂಗಸ್ ಬೇಗ ಹಿಡಿಯುತ್ತೆ.

ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಕಿರಿದು ಮಾಡಿ ಎಫ್/8 ಅಥವಾ ಎಫ್/11 ಇಟ್ಟರೆ ಮೂಲೆಗಳು ಬಹಳ ಸುಧಾರಿಸುತ್ತವೆ, ಕಪ್ಪೂ ಕಡಿಮೆ. ಇನ್ನೂ ಕಿರಿದಾದ ಎಫ್/22ಕ್ಕೆ ಹೋಗಬೇಡಿ, ಪೂರ್ತಿ ಫೋಟೋ ಮಸುಕಾಗುತ್ತೆ. ಒಂದರ ಮೇಲೊಂದು ಫಿಲ್ಟರ್ ಹಾಕಿದ್ದರೆ ತೆಗೆಯಿರಿ, ಅವುಗಳ ಅಂಚೇ ಮೂಲೆಗೆ ಅಡ್ಡ ಬರುತ್ತಿರಬಹುದು. ಉಳಿದ ಕಪ್ಪನ್ನು ಕಂಪ್ಯೂಟರಿನಲ್ಲಿ ತೆಗೆಯಬಹುದು, ಮಸುಕನ್ನು ಆಗಲ್ಲ.

ಪ್ರಶ್ನೆ: ಐನ್‌ಮನೆ (ಕೊಡವರ ಮೂಲ ಮನೆ) ಮುಂದೆ ತೆಗೆದ ನಮ್ಮ ಒಕ್ಕದ (ಕುಲದವರೆಲ್ಲರ) ಫೋಟೋದಲ್ಲಿ ತುದಿಯಲ್ಲಿ ನಿಂತವರೆಲ್ಲ ದಪ್ಪ ಕಾಣ್ತಾರೆ. ಯಾಕೆ?
- ಓದುಗರೊಬ್ಬರು, ವಿರಾಜಪೇಟೆ

ಉತ್ತರ: ವೈಡ್ ಲೆನ್ಸ್ (ಅಗಲ ನೋಟ ಹಿಡಿಯುವ ಲೆನ್ಸ್) ಅಂಚಿನಲ್ಲಿರುವುದನ್ನು ಹೊರಕ್ಕೆ ಎಳೆಯುತ್ತದೆ. ದುಬಾರಿ ಲೆನ್ಸಾದರೂ ಅಷ್ಟೇ. ಅಂಗಳದಲ್ಲಿ ಜಾಗ ಇದ್ದರೆ ಹಿಂದಕ್ಕೆ ಹೋಗಿ ಅಷ್ಟೊಂದು ವೈಡ್ ಅಲ್ಲದ 35 ಎಂಎಂನಲ್ಲಿ ತೆಗೆಯಿರಿ. ಜಾಗ ಇಲ್ಲದಿದ್ದರೆ ಎಲ್ಲರನ್ನೂ ಮೆಟ್ಟಿಲ ಮೇಲೆ ಮೂರು ಸಾಲಾಗಿ ನಿಲ್ಲಿಸಿ, ಎರಡೂ ತುದಿಯಲ್ಲಿ ಬರೀ ಗೋಡೆ ಬರಲಿ.